ಮಾತೆರಾಗೆ ಒಂದು ದಿನ ಸಾಕಾ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ನಾನು, ನನ್ನ ಹೆಂಡತಿ, ಅಮ್ಮ ಇಟಲಿಗೆ ಹೊರಟಿದ್ದೇವೆ. ರೋಮ್ ನೋಡಿದ ಮೇಲೆ ಐದು ದಿನ ಉಳಿಯುತ್ತದೆ. ಊರಿಂದ ಊರಿಗೆ ಓಡುವ ಬದಲು ಒಂದೇ ಜಿಲ್ಲೆಯಲ್ಲಿ ಇದ್ದು ನೋಡುವ ಆಸೆ. ದಕ್ಷಿಣದ ಮಾತೆರಾ ಮನಸ್ಸಿನಲ್ಲಿದೆ. ಆದರೆ ಟಿಕೆಟ್ ಮಾಡಿಸಿಕೊಟ್ಟವರು "ಅಲ್ಲಿಗೆ ಒಂದು ದಿನ ಸಾಕು, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬನ್ನಿ" ಅನ್ನುತ್ತಿದ್ದಾರೆ. ಅಮ್ಮನಿಗೆ 67 ವರ್ಷ, ಮಂಡಿ ನೋವಿದೆ. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಏನು ಮಾಡಲಿ?

ಉತ್ತರ: ಒಂದು ದಿನ ಸಾಲದು. ಐದು ದಿನವನ್ನೂ ಈ ಜಿಲ್ಲೆಗೇ ಕೊಡಿ.

ಹಳೆಯ ಕಲ್ಲು ಕಟ್ಟಡಗಳನ್ನು ಉಳಿಸುವುದು ನನ್ನ ಕೆಲಸ. ಮಾತೆರಾಗೆ ಮೊದಲ ಸಲ ಹೋಗಿದ್ದೂ ಅದಕ್ಕೇ. ಆಗ ನಾನೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದಿದ್ದೆ. ಬೆಟ್ಟ ಕೊರೆದು ಮಾಡಿದ ಮನೆಗಳನ್ನು ನೋಡಿ ಬೆರಗಾದೆ. ಆದರೆ ಅಷ್ಟು ಜನ ಆ ಒಣ ಬಂಡೆಯ ಮೇಲೆ ಕುಡಿಯುವ ನೀರಿಗೆ ಏನು ಮಾಡುತ್ತಿದ್ದರು ಅನ್ನುವ ಪ್ರಶ್ನೆಯೇ ನನಗೆ ಹೊಳೆಯಲಿಲ್ಲ. ಎರಡನೇ ಸಲ ಒಂದು ವಾರ ಇದ್ದೆ. ಹಿರಿಯ ಗಾರೆ ಕೆಲಸದವರೊಬ್ಬರು ತಮ್ಮ ಮನೆಯ ನೆಲದಲ್ಲಿದ್ದ ಕಲ್ಲಿನ ಮುಚ್ಚಳ ಎತ್ತಿ, ಒಳಗೆ ಟಾರ್ಚ್ ಬಿಟ್ಟರು. ಕೋಣೆಯ ಕೆಳಗೆ ಇನ್ನೊಂದು ಕೋಣೆಯಷ್ಟು ದೊಡ್ಡ ನೀರಿನ ತೊಟ್ಟಿ ಇತ್ತು. ಅಂದಿನಿಂದ ಈ ಜಿಲ್ಲೆಯನ್ನು ನಾನು ನೀರಿನ ಜಾಡು ಹಿಡಿದೇ ನೋಡುತ್ತೇನೆ. ನಿಮಗೂ ಅದೇ ದಾರಿ ಹೇಳುತ್ತೇನೆ.

ಮೊದಲು ಜಾಗ ಗೊತ್ತಿರಲಿ. ಇಟಲಿಯನ್ನು ಬೂಟಿನ ಆಕಾರ ಅನ್ನುತ್ತೇವಲ್ಲ, ಆ ಬೂಟಿನ ಅಂಗಾಲಿನ ಬಾಗು ಇರುವ ಕಡೆ ಬಾಸಿಲಿಕಾತಾ ಪ್ರಾಂತ್ಯ ಇದೆ. ಅದರ ಹಳೆಯ ಹೆಸರು ಲುಕಾನಿಯಾ. ಅದರಲ್ಲಿ ಎರಡೇ ಜಿಲ್ಲೆ: ಪೊತೆಂತ್ಸಾ ಮತ್ತು ಮಾತೆರಾ. ಮಾತೆರಾ ಜಿಲ್ಲೆಯಲ್ಲಿ 31 ಊರುಗಳಿವೆ, ಜನ ಕಡಿಮೆ. ಪಡುವಣಕ್ಕೆ ಕಾಡು ಗುಡ್ಡ, ನಡುವೆ ಜೇಡಿಮಣ್ಣಿನ ಬೋಳು ಗುಡ್ಡಗಳು, ಕೊನೆಗೆ ಅಯೋನಿಯನ್ ಸಮುದ್ರದ ದಡದ ಬಯಲು. ಬ್ರಾದಾನೊ, ಬಸೆಂತೊ, ಕವೋನೆ, ಆಗ್ರಿ, ಸಿನ್ನಿ ಎಂಬ ಐದು ಹೊಳೆಗಳು ಒಂದರ ಪಕ್ಕ ಒಂದು ಹರಿದು ಆ ಸಮುದ್ರ ಸೇರುತ್ತವೆ. ಮಾತೆರಾ ನಗರ ಬಡಗಣ ಮೂಲೆಯಲ್ಲಿ, ಸುಮಾರು 400 ಮೀಟರ್ ಎತ್ತರದಲ್ಲಿ, ಒಂದು ಆಳವಾದ ಕಮರಿಯ ಅಂಚಿಗೆ ಕೂತಿದೆ.

ಅಲ್ಲಿನ ಕಲ್ಲು ಮೆದು. ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಸೇರಿಕೊಂಡ ಸುಣ್ಣದ ಮರಳು ಗಟ್ಟಿಯಾಗಿ ಆದ ಕಲ್ಲು ಅದು. ಗೋಡೆಯನ್ನು ಹತ್ತಿರದಿಂದ ನೋಡಿದರೆ ಚಿಪ್ಪಿನ ಚೂರುಗಳು ಕಾಣುತ್ತವೆ. ಊರಿನವರು ಅದಕ್ಕೆ ತೂಫೊ ಅನ್ನುತ್ತಾರೆ. ಉಳಿ, ಪಿಕಾಸಿ ಇದ್ದರೆ ಕೊರೆಯಬಹುದು. ಹೀಗೆ ಒಳಗೆ ಕೊರೆದಾಗ ಸಿಕ್ಕಿದ ಕಲ್ಲನ್ನೇ ಕತ್ತರಿಸಿ ಮುಂದೆ ಒಂದು ಕಮಾನಿನ ಕೋಣೆ ಕಟ್ಟುತ್ತಿದ್ದರು. ಹಾಗಾಗಿ ಹೊರಗಿನಿಂದ ಮನೆ, ಒಳಗೆ ಹೋದರೆ ಗುಹೆ. ಒಬ್ಬರ ಸೂರಿನ ಮೇಲೆ ಇನ್ನೊಬ್ಬರ ಬೀದಿ. ಈ ಇಡೀ ಕೇರಿಗಳಿಗೆ ಸಾಸ್ಸಿ ಅಂತ ಹೆಸರು. ಸಾಸ್ಸಿ ಅಂದರೆ ಕಲ್ಲುಗಳು, ಅಷ್ಟೇ. ನಡುವಿನ ದಿಬ್ಬದ ಮೇಲೆ 13ನೇ ಶತಮಾನದ ಕಥೆಡ್ರಲ್ ಇದೆ. ಅದರ ಒಂದು ಮಗ್ಗುಲಿಗೆ ಸಾಸ್ಸೊ ಕವೆಯೋಸೊ, ಇನ್ನೊಂದು ಮಗ್ಗುಲಿಗೆ ಸಾಸ್ಸೊ ಬರಿಸಾನೊ.

ಮಳೆ ಕಡಿಮೆ, ಹೊಳೆ ಕಮರಿಯ ತಳದಲ್ಲಿ. ಆದ್ದರಿಂದ ಸೂರಿನ ಮೇಲೆ ಬಿದ್ದ ಪ್ರತಿ ಹನಿಯನ್ನೂ ಮಣ್ಣಿನ ಕೊಳವೆಯಲ್ಲಿ ಇಳಿಸಿ ಮನೆಯ ಕೆಳಗಿನ ತೊಟ್ಟಿಗೆ ತುಂಬಿಸುತ್ತಿದ್ದರು. ತೊಟ್ಟಿ ಗಂಟೆಯ ಆಕಾರ: ಮೇಲೆ ಕಿರಿದಾದ ಬಾಯಿ, ಕೆಳಗೆ ಅಗಲ. ಕಲ್ಲು ನೀರು ಹೀರಿಕೊಳ್ಳುತ್ತದೆ ಅಂತ ಒಳಗೆ ಸುಣ್ಣಕ್ಕೆ ಮಡಕೆ ಚೂರಿನ ಪುಡಿ ಸೇರಿಸಿ ಗಿಲಾವು ಮಾಡುತ್ತಿದ್ದರು. ನಮ್ಮ ಹಳೆಯ ಗಾರೆಯವರು ಸುರ್ಕಿ ಅನ್ನುತ್ತಾರಲ್ಲ, ಅದರ ದಾಯಾದಿ. ನನ್ನ ಕೈಯಿಂದ ಆ ಗಿಲಾವನ್ನು ಮುಟ್ಟಿ ನೋಡಿದ್ದೇನೆ. ಇವತ್ತಿಗೂ ಗಟ್ಟಿಯಾಗಿದೆ.

ಇವೆಲ್ಲಕ್ಕಿಂತ ದೊಡ್ಡದು ವಿತ್ತೋರಿಯೊ ವೆನೆತೊ ಚೌಕದ ಅಡಿಯಲ್ಲಿದೆ. ಹೆಸರು ಪಲೊಂಬಾರೊ ಲುಂಗೊ. ಮೇಲೆ ಜನ ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ಕೆಳಗೆ ಸುಮಾರು 50 ಲಕ್ಷ ಲೀಟರ್ ನೀರು ಹಿಡಿಯುವ, ಕಥೆಡ್ರಲ್‌ನ ಒಳಗಿನಂತೆ ಎತ್ತರವಾದ ತೊಟ್ಟಿ. 1920ರ ದಶಕದಲ್ಲಿ ನಲ್ಲಿ ನೀರು ಬಂದ ಮೇಲೆ ಜನ ಅದನ್ನು ಮರೆತೇಬಿಟ್ಟರು. 1991ರಲ್ಲಿ ಮತ್ತೆ ಬೆಳಕಿಗೆ ಬಂತು. ಮೊದಲ ದಿನವೇ ಇಲ್ಲಿಗೆ ಹೋಗಿ. ಇದನ್ನು ನೋಡಿಕೊಂಡು ಕೇರಿಗೆ ಇಳಿದರೆ ಬೀದಿಯ ಪಕ್ಕದ ಪ್ರತಿ ತೂಬು, ಗೋಡೆಯಲ್ಲಿನ ಪ್ರತಿ ಕೊಳವೆ ನಿಮ್ಮ ಕಣ್ಣಿಗೆ ಬೀಳುತ್ತದೆ.

ಇಷ್ಟು ಜಾಣತನದ ಊರು ಹಾಳಾಗಿದ್ದು ಹೇಗೆ? ಅದೂ ನೀರಿನ ಕಥೆಯೇ. ಜನ ಜಾಸ್ತಿಯಾದರು, ಬಡತನ ಹೆಚ್ಚಿತು. ದನದ ಕೊಟ್ಟಿಗೆಗಳು, ಕೊನೆಗೆ ನೀರಿನ ತೊಟ್ಟಿಗಳೂ ಮನೆಗಳಾದವು. ತೊಟ್ಟಿ ಮನೆಯಾದರೆ ನೀರು ಎಲ್ಲಿ ನಿಲ್ಲಬೇಕು? ಗಾಳಿಯಿಲ್ಲ, ಚರಂಡಿಯಿಲ್ಲ, ಒಂದೇ ಕೋಣೆಯಲ್ಲಿ ಹೇಸರಗತ್ತೆ, ಕೋಳಿ, ಆರೇಳು ಮಕ್ಕಳು. ಮಲೇರಿಯಾ ಬೇರೆ. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಬಂದು ನೋಡಿದರು. 1952ರಲ್ಲಿ ಕಾನೂನು ಮಾಡಿ ಕೇರಿ ತೆರವು ಮಾಡಿಸಿದರು. ಸುಮಾರು 15 ಸಾವಿರ ಜನ ಹೊಸ ಬಡಾವಣೆಗಳಿಗೆ ಹೋದರು. ಮೂವತ್ತು ವರ್ಷ ಸಾಸ್ಸಿ ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. 1986ರ ಕಾನೂನಿನಿಂದ ರಿಪೇರಿಗೆ ಹಣ ಬಂತು, 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, 2019ರಲ್ಲಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು.

ಈಗ ಅದೇ ಗುಹೆಗಳಲ್ಲಿ ದುಬಾರಿ ಹೋಟೆಲುಗಳಿವೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಖಾಲಿ ಬಿಟ್ಟ ಕಲ್ಲಿನ ಮನೆ ಬೇಗ ಕುಸಿಯುತ್ತದೆ. ಆದರೆ ಹೋಟೆಲಿನ ಗುಹೆ ಮಾತ್ರ ನೋಡಿಕೊಂಡು ಬರಬೇಡಿ. ವೀಕೊ ಸೊಲಿತಾರಿಯೊ ಅನ್ನುವ ಓಣಿಯಲ್ಲಿ ಒಂದು ಗುಹೆಮನೆಯನ್ನು ಹಳೆಯ ಸಾಮಾನಿನ ಸಮೇತ ಇಟ್ಟಿದ್ದಾರೆ. ಎತ್ತರದ ಮಂಚ, ಮಂಚದ ಪಕ್ಕದಲ್ಲೇ ಗೋದಲಿ, ನೆಲದಲ್ಲಿ ತೊಟ್ಟಿಯ ಬಾಯಿ. ನಿಮ್ಮ ಅಮ್ಮ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ ಅಂತ ನನ್ನ ಊಹೆ. ಅಂಗಳವನ್ನೂ ಗಮನಿಸಿ. ಹತ್ತಾರು ಮನೆಗಳ ಬಾಗಿಲು ತೆರೆಯುವ ಆ ಹಂಚಿಕೊಂಡ ಅಂಗಳಕ್ಕೆ ವಿಚಿನಾತೊ ಅನ್ನುತ್ತಾರೆ. ಬಟ್ಟೆ ಒಗೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ಜಗಳ, ಮದುವೆ ಮಾತು ಎಲ್ಲ ಅಲ್ಲೇ.

ಬಂಡೆ ಕೊರೆದ ಚರ್ಚುಗಳು ಈ ಸುತ್ತಿನಲ್ಲಿ 150ಕ್ಕೂ ಜಾಸ್ತಿ ಇವೆ. ಎಲ್ಲ ನೋಡಲು ಹೋಗಬೇಡಿ. ಸಾಂತಾ ಲುಚಿಯಾ ಆಲ್ಲೆ ಮಾಲ್ವೆ ಒಂದು ಸಾಕು. ಕಟ್ಟಡದ ಚರ್ಚಿನಲ್ಲಿ ಇರುವಂತೆ ಕಂಬ, ಕಮಾನು ಎಲ್ಲ ಇವೆ, ಆದರೆ ಒಂದನ್ನೂ ಕಟ್ಟಿಲ್ಲ, ಸುತ್ತಲಿನ ಕಲ್ಲು ತೆಗೆದು ಉಳಿಸಿಕೊಂಡಿದ್ದಾರೆ. ಚಿತ್ರ ಇಷ್ಟವಿದ್ದರೆ ಊರ ಹೊರಗಿನ 'ಮೂಲಪಾಪದ ಗುಹೆ'ಗೆ ಮೊದಲೇ ಬುಕ್ ಮಾಡಿ. ಗೋಡೆಯ ತುಂಬ ಕೆಂಪು ಹೂಗಳನ್ನು ಬರೆದಿರುವ ಆ ಗುಹೆಯ ಚಿತ್ರಗಳು ಸಾವಿರ ವರ್ಷಕ್ಕಿಂತ ಹಳೆಯವು. 1963ರಲ್ಲಷ್ಟೇ ಅವು ಹೊರಜಗತ್ತಿಗೆ ಗೊತ್ತಾದವು.

ಇನ್ನು ಅಮ್ಮನ ಮಂಡಿಯ ವಿಷಯ. ಸಾಸ್ಸಿ ಪೂರ್ತಿ ಮೆಟ್ಟಿಲು. ಕಲ್ಲು ಸವೆದು ನುಣುಪಾಗಿದೆ, ಮಳೆ ಬಂದರೆ ಜಾರುತ್ತದೆ. ಹಾಗಾಗಿ ಗುಹೆ ಹೋಟೆಲಿನ ಆಸೆ ಬಿಟ್ಟು ಮೇಲಿನ ಸಮತಟ್ಟಾದ ಊರಿನಲ್ಲಿ, ವಿತ್ತೋರಿಯೊ ವೆನೆತೊ ಚೌಕದ ಹತ್ತಿರ ರೂಮ್ ಮಾಡಿ. ಅಲ್ಲಿಂದ ಲಾನ್‌ಫ್ರಾಂಕಿ ಅರಮನೆಯ ಪಕ್ಕದ ಪಾಸ್ಕೊಲಿ ಚೌಕದವರೆಗೆ ಹೆಚ್ಚು ಮೆಟ್ಟಿಲಿಲ್ಲ. ಇಡೀ ಕವೆಯೋಸೊ ಅಲ್ಲಿಂದ ಕಾಲಡಿಯಲ್ಲೇ ಕಾಣುತ್ತದೆ. ಕೆಳಗಿನ ಸಾನ್ ಪಿಯೆತ್ರೊ ಚರ್ಚಿನವರೆಗೂ ವಾಹನದ ರಸ್ತೆ ಇದೆ, ಟ್ಯಾಕ್ಸಿಯಲ್ಲಿ ಇಳಿಯಬಹುದು. ಕಮರಿಯ ಆಚೆ ದಡದಲ್ಲಿರುವ ಮುರ್ಜಾ ತಿಮೋನೆಗೆ ಯುವಕರು ಕಮರಿ ಇಳಿದು, ತೂಗುಸೇತುವೆ ದಾಟಿ ಹತ್ತುತ್ತಾರೆ. ನೀವು ಕಾರಿನಲ್ಲಿ ಸುತ್ತಿಕೊಂಡು ಹೋಗಿ. ಸಂಜೆ ಅಲ್ಲಿಂದ ನೋಡಿದರೆ ಊರಿನಲ್ಲಿ ಒಂದೊಂದೇ ದೀಪ ಹತ್ತುತ್ತದೆ. ಸಂಜೆಗೆ ವಾಪಸ್ ಹೊರಟವರಿಗೆ ಸಿಗದ ನೋಟ ಇದು.

ಊಟಕ್ಕೆ ಬರೋಣ. ಇಟಲಿಯಲ್ಲಿ ಸಸ್ಯಾಹಾರಿಗಳಿಗೆ, ಅದರಲ್ಲೂ ಮೊಟ್ಟೆ ತಿನ್ನದವರಿಗೆ, ಇದಕ್ಕಿಂತ ಒಳ್ಳೆಯ ಜಿಲ್ಲೆ ಸಿಗುವುದು ಕಷ್ಟ. ಕಾರಣ ಬಡತನ. ಮಾಂಸ ಹಬ್ಬಕ್ಕೆ ಮಾತ್ರ, ಮೊಟ್ಟೆ ಮಾರಾಟಕ್ಕೆ. ಉತ್ತರ ಇಟಲಿಯಲ್ಲಿ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಇಲ್ಲಿ ರವೆಹಿಟ್ಟು, ನೀರು ಎರಡೇ. ಒರೆಕ್ಕಿಯೆತ್ತೆ ಅಂದರೆ ಪುಟ್ಟ ಕಿವಿಯ ಆಕಾರದ್ದು. ಕವತೆಲ್ಲಿ ಬೆರಳಿನಿಂದ ಒತ್ತಿ ಎಳೆದು ಮಾಡಿದ್ದು. ಎರಡನ್ನೂ ಧೈರ್ಯವಾಗಿ ತಿನ್ನಿ, ಆದರೆ ಜೊತೆಗೆ ಬರುವ ಸಾಸ್‌ನಲ್ಲಿ ಏನಿದೆ ಅಂತ ಕೇಳಿಕೊಳ್ಳಿ.

ಬ್ರೆಡ್ಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮಾತೆರಾದ ಬ್ರೆಡ್ ಮೈದಾದ್ದಲ್ಲ. ಡ್ಯುರಂ ಅನ್ನುವ ಗಟ್ಟಿ ಗೋಧಿಯ ರವೆಯನ್ನು ಮತ್ತೆ ಬೀಸಿ ಮಾಡಿದ ಹಿಟ್ಟಿನದು. ನಮ್ಮ ಉಪ್ಪಿಟ್ಟಿನ ಬನ್ಸಿ ರವೆ ಬರುವುದೂ ಇದೇ ಜಾತಿಯ ಗೋಧಿಯಿಂದ. ಅದಕ್ಕೇ ಬ್ರೆಡ್ಡಿನ ಒಳಗೆ ನಸುಹಳದಿ ಬಣ್ಣ. ಹಣ್ಣಿನಿಂದ ಹುದುಗು ಎಬ್ಬಿಸಿ, ಹಿಂದಿನ ಹಿಟ್ಟಿನ ಉಂಡೆಯನ್ನು ಹೆಪ್ಪಿನಂತೆ ಬಳಸಿ ನಿಧಾನವಾಗಿ ಉಬ್ಬಿಸುತ್ತಾರೆ. ಮೇಲೆ ದಪ್ಪನೆಯ ಕಡುಕಂದು ಬಣ್ಣದ ಹೊರಪದರ. ಒಂದು ವಾರ ಇಟ್ಟರೂ ಕೆಡುವುದಿಲ್ಲ. 2008ರಲ್ಲಿ ಯೂರೋಪಿನ ಭೌಗೋಳಿಕ ಗುರುತು ಸಿಕ್ಕಿದೆ.

ಗುಹೆಮನೆಗಳಲ್ಲಿ ಬ್ರೆಡ್ ಸುಡುವ ಒಲೆಗೆ ಜಾಗವಿರಲಿಲ್ಲ. ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ ಊರೊಟ್ಟಿನ ಭಟ್ಟಿಗೆ ಕಳಿಸುತ್ತಿದ್ದರು. ಯಾರದು ಯಾವುದು ಅಂತ ತಿಳಿಯಲು ಮರದ ಮುದ್ರೆ ಒತ್ತುತ್ತಿದ್ದರು. ಕುರಿ ಕಾಯುವವರು ಬಿಡುವಿನಲ್ಲಿ ಕೆತ್ತುತ್ತಿದ್ದ ಆ ಮುದ್ರೆಯ ಅಡಿಯಲ್ಲಿ ಮನೆಯವರ ಹೆಸರಿನ ಅಕ್ಷರ, ಮೇಲೆ ಕೋಳಿಯೋ ಕುರುಬನೋ ಇರುತ್ತಿತ್ತು. ನೆನಪಿಗೆ ಏನಾದರೂ ಕೊಳ್ಳುವುದಿದ್ದರೆ ಫ್ರಿಜ್‌ಗೆ ಅಂಟಿಸುವ ಚಿತ್ರ ಬೇಡ, ಇದನ್ನು ಕೊಳ್ಳಿ.

ಹಳಸಿದ ಬ್ರೆಡ್ಡನ್ನು ಎಸೆಯುತ್ತಿರಲಿಲ್ಲ. ನೀರು ಚಿಮುಕಿಸಿ, ಟೊಮೆಟೊ, ಈರುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಹಾಕಿ ಕಲಸಿದರೆ ಚಿಯಾಲ್ಲೆದ್ದಾ. ತಣ್ಣಗಿನದನ್ನೇ ಕೇಳಿ, ಬಿಸಿಯದಕ್ಕೆ ಮೊಟ್ಟೆ ಹಾಕುವುದುಂಟು. ಒಣಗಿದ ಚೂರನ್ನು ಪುಡಿಮಾಡಿ ಎಣ್ಣೆಯಲ್ಲಿ ಹುರಿದು ಪಾಸ್ತಾದ ಮೇಲೆ ಉದುರಿಸುತ್ತಾರೆ. ಚೀಸ್ ಕೊಳ್ಳಲು ದುಡ್ಡಿಲ್ಲದವರ ಉಪಾಯ ಅದು. ಅದರ ಜೊತೆಗೆ ಬರುವುದು ಪೆಪೆರೋನೆ ಕ್ರುಸ್ಕೊ. ಖಾರವೇ ಇಲ್ಲದ ಉದ್ದನೆಯ ಕೆಂಪು ಮೆಣಸಿನಕಾಯಿಯನ್ನು ದಾರದಲ್ಲಿ ಪೋಣಿಸಿ ಒಣಗಿಸಿ, ಬಿಸಿ ಎಣ್ಣೆಯಲ್ಲಿ ಕೆಲವೇ ಕ್ಷಣ ಕರಿಯುತ್ತಾರೆ. ಹಪ್ಪಳದ ಹಾಗೆ ಗರಿಗರಿ. ಬ್ಯಾಡಗಿಯ ಬಣ್ಣ ನೋಡಿದವರಿಗೆ ಈ ಕೆಂಪು ಹೊಸದಲ್ಲ. ನೀವು ಹೋಗುವ ಅಕ್ಟೋಬರ್‌ನಲ್ಲಿ ಈ ಸರಗಳು ಬಾಗಿಲು, ಬಾಲ್ಕನಿಗಳಲ್ಲಿ ತೂಗುತ್ತಿರುತ್ತವೆ.

ಬೇಳೆಕಾಳು ಬಹಳ. ಒಣ ಅವರೆಯಂಥ ಫಾವಾ ಕಾಳನ್ನು ಬೇಯಿಸಿ ನುಣ್ಣಗೆ ಮಸೆದು, ಬೇಯಿಸಿದ ಕಹಿ ಚಿಕೋರಿ ಸೊಪ್ಪಿನ ಜೊತೆ ಕೊಡುತ್ತಾರೆ. ನಮ್ಮ ಮಸ್ಸೊಪ್ಪು ತಿಂದವರಿಗೆ ಮೊದಲ ತುತ್ತಿಗೇ ಇಷ್ಟವಾಗುತ್ತದೆ. ಕ್ರಪಿಯಾತಾ ಅಂದರೆ ಕಡಲೆ, ಬೀನ್ಸ್, ಮಸೂರ, ಫಾವಾ, ಗೋಧಿ, ಆಲೂಗಡ್ಡೆ ಎಲ್ಲ ಸೇರಿಸಿ ಬೇಯಿಸಿದ್ದು. ಆಗಸ್ಟ್ 1ರಂದು, ಸುಗ್ಗಿ ಮುಗಿದ ಮೇಲೆ, ಅಂಗಳದ ಪ್ರತಿ ಮನೆಯಿಂದ ಒಂದೊಂದು ಹಿಡಿ ಕಾಳು ತಂದು ಒಂದೇ ಹಂಡೆಗೆ ಹಾಕುತ್ತಿದ್ದರು. ಈಗ ಕೆಲವು ಹೋಟೆಲುಗಳಲ್ಲಿ ಬೇರೆ ದಿನಗಳಲ್ಲೂ ಸಿಗುತ್ತದೆ, ಕೇಳಿ ನೋಡಿ. ಫೆರಾಂದಿನಾ ಊರಿನ ಒಲೆಯಲ್ಲಿ ಒಣಗಿಸಿದ ಕಪ್ಪು ಆಲಿವ್ ಸಿಕ್ಕರೆ ಬಿಡಬೇಡಿ.

ಎಚ್ಚರ ಬೇಕಾದ್ದು ಎರಡು ಮೂರು ಕಡೆ. ಇಲ್ಲಿನ ಹಳೆಯ ಬಗೆಯ ಚೀಸ್‌ಗಳಿಗೆ ಹಾಲು ಒಡೆಸಲು ಸಾಮಾನ್ಯವಾಗಿ ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ವಸ್ತು ಬಳಸುತ್ತಾರೆ. ಅಮ್ಮ ಕಟ್ಟುನಿಟ್ಟಾದರೆ ಚೀಸ್ ಬಿಟ್ಟುಬಿಡಿ. ಕುರುಕಲು, ಬಿಸ್ಕತ್ತು, ಫೊಕಾಚ್ಚಿಯಾ ಅನ್ನುವ ಚಪ್ಪಟೆ ಬ್ರೆಡ್ಡುಗಳಲ್ಲಿ ಕೆಲವಕ್ಕೆ ಹಂದಿ ಕೊಬ್ಬು ಹಾಕಿರಬಹುದು, 'ಸ್ತ್ರುತ್ತೊ' ಇದೆಯಾ ಅಂತ ಕೇಳಿ. ತರಕಾರಿಯ ಮೇಲೆ ಸಣ್ಣ ಉಪ್ಪುಮೀನು ಹಾಕುವುದುಂಟು, ಅದು 'ಅಚ್ಚೂಗೆ'. ಸುಮ್ನೆ 'ವೆಜಿಟೇರಿಯನ್' ಅಂದರೆ ಸಾಲದು. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ಉವೋವಾ" ಅನ್ನಿ. ಮಾಂಸ, ಮೀನು, ಮೊಟ್ಟೆ ಬೇಡ ಅಂತ ಅರ್ಥ. ಹೋಟೆಲುಗಳು ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಮುಚ್ಚಿದರೆ ರಾತ್ರಿ ಏಳೂವರೆವರೆಗೆ ತೆರೆಯುವುದಿಲ್ಲ. ಅಮ್ಮನ ಔಷಧಿಯ ಸಮಯ ನೋಡಿಕೊಂಡು ಚೀಲದಲ್ಲಿ ಬ್ರೆಡ್, ಹಣ್ಣು ಇಟ್ಟುಕೊಂಡಿರಿ.

ಎರಡು ದಿನ ನಗರದಲ್ಲಿ ಕಳೆದ ಮೇಲೆ ಒಳನಾಡಿಗೆ ಹೊರಡಿ. ಅದಕ್ಕೆ ಕಾರು ಬೇಕೇ ಬೇಕು, ಬಸ್ಸು ನಂಬಿಕೊಂಡರೆ ದಿನ ಹಾಳು. ನೀವೇ ಓಡಿಸುವುದಾದರೆ ನಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಇಲ್ಲವೇ ಎರಡು ದಿನಕ್ಕೆ ಡ್ರೈವರ್ ಸಮೇತ ಕಾರು ಗೊತ್ತು ಮಾಡಿ. ಅಮ್ಮ ಜೊತೆಗಿರುವಾಗ ಎರಡನೆಯದೇ ಒಳ್ಳೆಯದು ಅನ್ನುತ್ತೇನೆ.

ಮಾತೆರಾದಿಂದ ಒಂದು ಗಂಟೆಯ ದಾರಿಯಲ್ಲಿ ಕ್ರಾಕೊ. ಗುಡ್ಡದ ತುದಿಯಲ್ಲಿ ನಾರ್ಮನ್ನರ ಕಾಲದ ಗೋಪುರ, ಸುತ್ತ ಬಾಗಿಲು ಕಿಟಕಿ ಇಲ್ಲದ ಮನೆಗಳು. 1963ರಲ್ಲಿ ಗುಡ್ಡ ಜಾರಿತು. ಕೆಳಗಿನ ಜೇಡಿಮಣ್ಣಿಗೆ ನೀರು ಇಳಿದಿದ್ದೇ ಮುಖ್ಯ ಕಾರಣ. ಊರಿಗೆ ಮಾಡಿದ ನೀರು, ಚರಂಡಿ ಕಾಮಗಾರಿಗಳೂ ಸೇರಿಕೊಂಡವು ಅನ್ನುತ್ತಾರೆ. ಮಾತೆರಾದ ಬಂಡೆ ನೀರನ್ನು ಹಿಡಿದಿಟ್ಟು ಊರನ್ನು ಉಳಿಸಿತು. ಇಲ್ಲಿನ ಮಣ್ಣು ಅದೇ ನೀರು ಕುಡಿದು ಊರನ್ನು ಕೆಡವಿತು. ಒಳಗೆ ಒಬ್ಬರೇ ಹೋಗುವಂತಿಲ್ಲ, ತಲೆಗೆ ಹೆಲ್ಮೆಟ್ ಹಾಕಿಸಿ ಗೈಡ್ ಕರೆದುಕೊಂಡು ಹೋಗುತ್ತಾರೆ. ಏರು ಇದೆ. ಅಮ್ಮ ರಸ್ತೆಯ ತಿರುವಿನಿಂದಲೇ ಇಡೀ ಊರನ್ನು ನೋಡಬಹುದು.

ಅಲ್ಲಿಂದ ಮುಂದೆ ಆಲಿಯಾನೊ. ದಾರಿಯುದ್ದಕ್ಕೂ ಕಲಾಂಕಿ ಕಾಣುತ್ತವೆ: ಮಳೆ ಕೊರೆದು ಕೊರೆದು ಚೂಪಾದ ಏಣುಗಳಾಗಿ ಉಳಿದಿರುವ ಬೂದುಬಣ್ಣದ ಮಣ್ಣಿನ ಗುಡ್ಡಗಳು. ಏಪ್ರಿಲ್‌ನಲ್ಲಿ ಹೋದರೆ ನಡುವೆ ಹಸಿರು ಗೋಧಿ ಇರುತ್ತದೆ. ಅಕ್ಟೋಬರ್‌ನಲ್ಲಿ ಹೊಲ ಉತ್ತಿರುತ್ತಾರೆ, ಮಣ್ಣೊಂದೇ. ನನಗೆ ಆ ಬೋಳು ನೋಟವೇ ಹೆಚ್ಚು ಇಷ್ಟ. ಈ ಊರಿಗೆ 1935ರಲ್ಲಿ ಫ್ಯಾಸಿಸ್ಟ್ ಸರಕಾರ ತೂರಿನ್ ನಗರದ ಕಾರ್ಲೊ ಲೆವಿ ಎಂಬ ಚಿತ್ರಕಾರನನ್ನು ಗಡೀಪಾರು ಮಾಡಿತ್ತು. ಅವರು ವೈದ್ಯಕೀಯ ಓದಿದ್ದರು. ಊರಿನ ಬಡವರು ಮಲೇರಿಯಾಕ್ಕೆ ಔಷಧಿ ಕೇಳಿ ಅವರ ಬಾಗಿಲಿಗೆ ಬಂದರು. ಆ ದಿನಗಳ ಬಗ್ಗೆ ಅವರು ಬರೆದ ಪುಸ್ತಕ 1945ರಲ್ಲಿ ಬಂತು, ಇಡೀ ಇಟಲಿ ಈ ಕಡೆ ತಿರುಗಿ ನೋಡಿತು. 1975ರಲ್ಲಿ ತೀರಿಕೊಂಡಾಗ ಅವರನ್ನು ಆಲಿಯಾನೊದಲ್ಲೇ ಮಣ್ಣುಮಾಡಿದರು. ಅವರಿದ್ದ ಮನೆ ಈಗ ನೋಡಲು ತೆರೆದಿದೆ. ಮಾತೆರಾದ ಲಾನ್‌ಫ್ರಾಂಕಿ ಅರಮನೆಯಲ್ಲಿ ಈ ಜನರನ್ನೇ ಬರೆದ ಅವರ 18 ಮೀಟರ್‌ಗೂ ಉದ್ದದ ಚಿತ್ರವಿದೆ. ಆಲಿಯಾನೊಗೆ ಹೋಗಿ ಬಂದ ಮೇಲೆ ಅದನ್ನು ನೋಡಿ, ಮುಖಗಳು ಗುರುತು ಸಿಗುತ್ತವೆ.

ಕೊನೆಯ ಪೂರ್ತಿ ದಿನ ಸಮುದ್ರದ ಕಡೆಗೆ. ಮೆತಾಪೊಂತೊದಲ್ಲಿ ಗ್ರೀಕರು ಕ್ರಿ.ಪೂ. 7ನೇ ಶತಮಾನದಲ್ಲಿ ನೆಲೆ ಮಾಡಿದ್ದರು. ಹೇರಾ ದೇವಿಯ ಗುಡಿಯ 15 ಕಂಬಗಳು ಇನ್ನೂ ನಿಂತಿವೆ. ಹೊಳೆಗಳು ತಂದು ಹಾಕಿದ ಮೆಕ್ಕಲು ಮಣ್ಣಿನಲ್ಲಿ ಧಾನ್ಯ ಎಷ್ಟು ಬೆಳೆಯುತ್ತಿತ್ತೆಂದರೆ ಆ ಊರು ತನ್ನ ನಾಣ್ಯದ ಮೇಲೆ ಬಾರ್ಲಿ ತೆನೆಯನ್ನೇ ಒತ್ತಿಸಿತು. ಗಣಿತದ ಪೈಥಾಗೊರಸ್ ಕೊನೆಯುಸಿರು ಎಳೆದದ್ದು ಇಲ್ಲೇ ಎಂಬ ಮಾತಿದೆ. 'ವೆಜಿಟೇರಿಯನ್' ಎಂಬ ಪದ ಬರುವ ಮೊದಲು ಯೂರೋಪಿನಲ್ಲಿ ಮಾಂಸ ಬಿಟ್ಟ ಊಟವನ್ನು ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಅಮ್ಮನಿಗೆ ಇದನ್ನು ಹೇಳಿ.

ಅದೇ ದಡದ ಪೊಲಿಕೊರೊ ಊರಿನ ಹತ್ತಿರ ಕ್ರಿ.ಪೂ. 280ರಲ್ಲಿ ಪಿರ್ರಸ್ ಎಂಬ ಗ್ರೀಕ್ ದೊರೆ ಆನೆಗಳನ್ನು ಇಳಿಸಿ ರೋಮನ್ನರನ್ನು ಸೋಲಿಸಿದ. ಅವರು ಆನೆಯನ್ನು ಕಂಡದ್ದೇ ಆಗ. ಹೆಸರು ಗೊತ್ತಿಲ್ಲದೆ 'ಲುಕಾನಿಯಾದ ಎತ್ತು' ಅಂದರು. ಅಲ್ಲಿನ ಮ್ಯೂಸಿಯಂ ಚಿಕ್ಕದು, ಚೆನ್ನಾಗಿದೆ. ಹೊತ್ತು ಉಳಿದರೆ ಸಿನ್ನಿ ಹೊಳೆಯ ಜಾಡು ಹಿಡಿದು ವಾಲ್ಸಿನ್ನಿಗೆ ಹೋಗಿ. ಆ ಕೋಟೆಯಲ್ಲಿ ಇಸಬೆಲ್ಲಾ ಮೊರ್ರಾ ಎಂಬ ಕವಯಿತ್ರಿ ಇದ್ದಳು. ತನ್ನ ದುಃಖವನ್ನು ಕೆಳಗೆ ಹರಿಯುವ ಕದಡಿದ ಹೊಳೆಗೆ ಹೇಳಿಕೊಂಡು ಬರೆದಳು. 1546ರ ಸುಮಾರಿಗೆ ಅವಳ ಅಣ್ಣತಮ್ಮಂದಿರೇ ಅವಳನ್ನು ಕೊಂದರು. 13 ಪದ್ಯಗಳು ಉಳಿದಿವೆ. ಕೋಟೆಯ ಬದಿಯಲ್ಲಿ ನಿಂತು ಆ ಹೊಳೆಯನ್ನು ನೋಡಿದಾಗ ನನಗೆ ಮಾತು ಹೊರಡಲಿಲ್ಲ.

ತಲುಪುವ ದಾರಿ ಸುಲಭ. ರೋಮ್‌ನಿಂದ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಗೆ ಬಾರಿ ನಗರ. ಅಲ್ಲಿ ದೊಡ್ಡ ನಿಲ್ದಾಣದ ಪಕ್ಕದಲ್ಲೇ ಇನ್ನೊಂದು ಕಂಪನಿಯ ಚಿಕ್ಕ ಹಳಿಯ ರೈಲು ಹೊರಡುತ್ತದೆ. ಒಂದೂವರೆಯಿಂದ ಎರಡು ಗಂಟೆಯಲ್ಲಿ ಮಾತೆರಾ. ಭಾನುವಾರ ಈ ರೈಲು ಓಡದೆ ಬಸ್ಸು ಬಿಡುವುದುಂಟು, ಹಾಗಾಗಿ ವಾರದ ದಿನ ಹೋಗಿ. ಸಾಸ್ಸಿಯೊಳಗೆ ಅನುಮತಿಯಿಲ್ಲದ ಕಾರು ನುಗ್ಗಿಸಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಮನೆಗೇ ಬರುತ್ತದೆ.

ವಾಪಸ್ ಹೋಗುವ ವಿಮಾನವನ್ನು ಬಾರಿಯಿಂದಲೇ ತೆಗೆದುಕೊಳ್ಳಿ, ಮತ್ತೆ ರೋಮ್‌ಗೆ ಓಡಬೇಡಿ. ಆ ಬೆಳಿಗ್ಗೆ ಬೇಗ ಎದ್ದರೆ ಬೇಕರಿಯಲ್ಲಿ ಭಟ್ಟಿಯಿಂದ ಬ್ರೆಡ್ ಹೊರಬರುತ್ತಿರುತ್ತದೆ. ಒಂದು ಕೆಜಿಯದು ಕೊಂಡು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ ಬೇಡ. ಊರಿಗೆ ಬಂದು ಮೂರು ದಿನ ಆದ ಮೇಲೂ ತಿನ್ನಬಹುದು.